ಆಟ ನಡುವೆ ನಿಲ್ಲುವುದೇಕೆ?

ದೇವನಹಳ್ಳಿ ತಾಲ್ಲೂಕಿನ ಕುಂದಾಣದಂಥ ಹೋಬಳಿ ಊರಿನ ಮನೆಗಳಿಗೂ ಈಗ ಫೈಬರ್ ತಂತಿ ಬಂದಿದೆ. ಅದರೊಡನೆ ಹೊಸದೊಂದು ಗೃಹಕಲಹವೂ ಬಂದಿದೆ. ಗೆಳೆಯರ ತಂಡದೊಡನೆ ಆಡುತ್ತಿರುವ ಮಗ “ಅಪ್ಪಾ, ಮತ್ತೆ ನಿಂತಿತು!” ಎಂದು ಕೂಗುತ್ತಾನೆ. ತಂದೆಯವರು ಹೆಚ್ಚು ಹಣ ತೆತ್ತು ನೂರು ಎಂಬಿಪಿಎಸ್ಸಿನ ಯೋಜನೆಯನ್ನು ಮುನ್ನೂರಕ್ಕೆ ಏರಿಸುವರು. ಆಟ ಆಗಲೂ ನಿಲ್ಲುತ್ತದೆ. ಬೈಗುಳ ಮಾತ್ರ ಮಗನ ಪಾಲಿಗೆ. (ಹಣ ಒಡ್ಡುವ ಆಟಗಳನ್ನು 2025ರ ಕೇಂದ್ರ ಕಾಯಿದೆ ನಿಷೇಧಿಸಿದೆ, ಇಲ್ಲಿನ ಮಾತು ಉಳಿದ ಆಟಗಳದು.)

ಇಂಥ ಆಟ ಬೇಡುವ ಮಾಹಿತಿ ಅತ್ಯಲ್ಪ. ಆದರೆ ಅದು ತಡವಿಲ್ಲದೆ ತಲುಪಬೇಕು. ಬೆರಳೊತ್ತಿದ ಸುದ್ದಿ ಸರ್ವರಿಗೆ ಹೋಗಿ ಉತ್ತರ ಮರಳಲು ಹಿಡಿಯುವ ಕಾಲವೇ ಪಿಂಗ್. ಗಾಜಿನೆಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. ಸಿಂಗಪುರ ಇಲ್ಲಿಂದ ಸುಮಾರು 3,200 ಕಿಲೋಮೀಟರು. ಹೋಗಿಬರಲು 32 ಮಿಲಿಸೆಕೆಂಡಾದರೂ ಬೇಕೇ ಬೇಕು. ಎಷ್ಟು ಹಣ ಸುರಿದರೂ ಇದು ತಗ್ಗದು. ಆಟದಲ್ಲಿ ಮುಂಬಯಿಯ ಸರ್ವರನ್ನು ಆರಿಸಲು ಅವಕಾಶವಿದ್ದರೆ ಅದನ್ನೇ ಆರಿಸುವುದು ಜಾಣತನ.

ದೋಷ ಮನೆಯೊಳಗಿನದೋ ಹೊರಗಿನದೋ ಎಂಬುದನ್ನು ಮೊದಲು ತಿಳಿಯಬೇಕು. ರೂಟರಿನ ವಿಳಾಸ ಅದರ ಅಡಿಯ ಚೀಟಿಯಲ್ಲಿರುತ್ತದೆ. ಗಣಕದಿಂದ ಅದಕ್ಕೇ ಪಿಂಗ್ ಕಳುಹಿಸಿ ನೋಡಿರಿ. ಉತ್ತರ ಒಂದೆರಡು ಮಿಲಿಸೆಕೆಂಡಿನಲ್ಲಿ ಬಂದರೆ ಮನೆ ನಿರ್ದೋಷಿ. ಐದರಿಂದ ನೂರಕ್ಕೆ ನೆಗೆಯುತ್ತಿದ್ದರೆ ವೈಫೈಯೇ ಅಪರಾಧಿ. ನಮ್ಮ ಕಡೆಯ ಹಳೆಯ ಕಲ್ಲುಗೋಡೆಗಳನ್ನು 5 ಗಿಗಾಹರ್ಟ್ಸ್ ಅಲೆ ದಾಟಲಾರದು, ದಾಟಬಲ್ಲ 2.4ರಲ್ಲಿ ನೆರೆಮನೆಗಳ ಗದ್ದಲ. ಇನ್ನು ರೂಟರನ್ನು ಕಣ್ಣಿಗೆ ಬೀಳದಂತೆ ಕಬ್ಬಿಣದ ಬೀರುವಿನ ಹಿಂದೆ ಅಡಗಿಸುವ ಅಲಂಕಾರಪ್ರಿಯತೆಗೆ ಏನೆನ್ನೋಣ! ಆಡುವ ಗಣಕಕ್ಕೆ ನೇರವಾಗಿ ಒಂದು ಕೇಬಲ್ ಎಳೆದರೆ ಈ ತಾಪತ್ರಯವೆಲ್ಲ ಮುಗಿಯಿತು.

ಕೇಬಲ್ ಎಳೆದ ಮೇಲೂ ತಡವಾಗುವುದುಂಟು. ಅಕ್ಕನ ಫೋನು ಮದುವೆಯ ಚಿತ್ರಗಳನ್ನೆಲ್ಲ ಸದ್ದಿಲ್ಲದೆ ಮೇಲಕ್ಕೆ ಕಳುಹಿಸುತ್ತಿರುತ್ತದೆ. ಸಾದಹಳ್ಳಿಯ ಸುಂಕದ ಕಟ್ಟೆಯಲ್ಲಿ ಲಾರಿಗಳ ಸಾಲಿನ ಹಿಂದೆ ಸಿಕ್ಕಿಬಿದ್ದ ಬೈಸಿಕಲ್ಲನ್ನು ಊಹಿಸಿಕೊಳ್ಳಿರಿ. ಆಟದ ಪುಟ್ಟ ಸುದ್ದಿಯ ಪಾಡೂ ಅದೇ. ಬಫರ್‌ಬ್ಲೋಟ್ ಎಂದು ಇದರ ಹೆಸರು. ಪರೀಕ್ಷೆಯೂ ಸುಲಭ: ಏನೂ ನಡೆಯದಿರುವಾಗ ಹೊರಗಿನ ಒಂದು ವಿಳಾಸಕ್ಕೆ ಪಿಂಗ್ ನೋಡಿ, ಚಿತ್ರಗಳನ್ನು ಕಳುಹಿಸುತ್ತಿರುವಾಗ ಮತ್ತೆ ನೋಡಿರಿ. ಇಪ್ಪತ್ತೈದು ಇನ್ನೂರಾದರೆ ರೋಗ ಸಿಕ್ಕಿತು. ರೂಟರಿನಲ್ಲಿ ಕ್ಯೂಒಎಸ್ ಸೌಕರ್ಯವಿದ್ದರೆ ಕಳುಹಿಸುವ ವೇಗವನ್ನು ನೂರಕ್ಕೆ ತೊಂಬತ್ತರಷ್ಟಕ್ಕೆ ಮಿತಿಗೊಳಿಸಬೇಕು, ಸರತಿ ಕರಗುತ್ತದೆ. ಆ ಸೌಕರ್ಯವಿಲ್ಲದಿದ್ದರೆ ಚಿತ್ರಗಳು ರಾತ್ರಿ ಹೋಗಲಿ ಎಂದು ಅಕ್ಕನೊಡನೆ ಸಂಧಿ ಮಾಡಿಕೊಳ್ಳುವುದೇ ದಾರಿ. ಮುನ್ನೂರರ ಯೋಜನೆ ಇದಕ್ಕೆ ಖಚಿತ ಮದ್ದಲ್ಲ.

ಮನೆ ನಿರ್ದೋಷಿಯಾಗಿದ್ದೂ ಸಂಜೆಯ ಹೊತ್ತಿಗೆ ಮಾತ್ರ ಪಿಂಗ್ ಏರುತ್ತಿದ್ದರೆ, ಮೂರು ನಾಲ್ಕು ದಿನ ಗಂಟೆಯನ್ನೂ ಅಂಕಿಯನ್ನೂ ಬರೆದಿಟ್ಟು ಸಂಪರ್ಕ ಕೊಟ್ಟವರಿಗೆ ದೂರು ಕೊಡಿರಿ. “ನೆಟ್ ಸರಿಯಿಲ್ಲ” ಎಂಬ ಬರಿಯ ಮಾತಿಗೆ “ರೂಟರ್ ಆರಿಸಿ ಹಾಕಿ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಅಂಕಿಗಳಿಗೆ ಹಾಗೆ ಉತ್ತರ ಹೇಳುವುದು ಕಷ್ಟ.