ಜಿಪ್‌ಲೈನ್ ಹಿಡಿದ ನರ್ಸ್

ಸೇತುವೆಯೇ ಕೊಚ್ಚಿಹೋದರೆ,
ಆಚೆ ದಡದ ಗಾಯಾಳುಗಳಿಗೆ ಪಟ್ಟಿ ಕಟ್ಟೋರು ಯಾರು?

2024ರ ಜುಲೈ 30.
ವಯನಾಡಿನ ಚೂರಲ್‌ಮಲ.
ಗುಡ್ಡ ಕುಸಿದಿದೆ, ಹೊಳೆ ಉಕ್ಕಿದೆ.

ಪಕ್ಕದ ಗೂಡಲೂರಿನ ನರ್ಸ್ ಸಬೀನಾ ತಾವೇ ಮುಂದೆ ಬಂದರು.
ಔಷಧಿ ಕಿಟ್ ಹಿಡಿದು,
ಜಿಪ್‌ಲೈನಿಗೆ ಜೋತುಬಿದ್ದು ಹೊಳೆ ದಾಟಿದರು.
35ಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆ ಕೊಟ್ಟರು.
ತಮಿಳುನಾಡು ಸರ್ಕಾರ ಕಲ್ಪನಾ ಚಾವ್ಲಾ ಪ್ರಶಸ್ತಿ ನೀಡಿತು.
ಸರಿಯಾದ ಕೈಗೇ ಸೇರಿತು.

ಇನ್ನು ನರ್ಸ್‌ಗಳ ದಿನನಿತ್ಯದ ಕೆಲಸ ನೋಡಿ.
ಕೇರಳದಲ್ಲಿ 2008ರಲ್ಲೇ ಪ್ಯಾಲಿಯೇಟಿವ್ ಆರೈಕೆ, ಅಂದರೆ ನೋವು ತಗ್ಗಿಸುವ ಆರೈಕೆಯ ನೀತಿ ಬಂತು.
ಹಾಸಿಗೆ ಹಿಡಿದವರ ಮನೆಗೆ ನರ್ಸೇ ಹೋಗುತ್ತಾರೆ.
ಊರಿನ ಅಂಚೆಯಣ್ಣನ ಹಾಗೆ, ಮನೆಮನೆಯ ಗುರುತು ಅವರಿಗಿದೆ.
ಹುಣ್ಣು ತೊಳೆದು, ಕ್ಯಾತಿಟರ್ ಬದಲಿಸಿ,
ಆರೈಕೆ ಹೇಗೆಂದು ಮನೆಯವರಿಗೂ ಕಲಿಸುತ್ತಾರೆ.

ನರ್ಸಿಂಗ್ ಪದವೀಧರರು ಈಗ ಹಳ್ಳಿಯ ಉಪಕೇಂದ್ರಗಳಲ್ಲೂ ಇದ್ದಾರೆ.
ಬಿಪಿ, ಶುಗರ್ ನೋಡಿ,
ಯಾರನ್ನು ಡಾಕ್ಟರ ಬಳಿ ಕಳಿಸಬೇಕು ಅಂತ
ಅವರೇ ತೀರ್ಮಾನಿಸುತ್ತಾರೆ.