ನಿಂತ ಸ್ಕೂಲ್ ಬಸ್ಸನ್ನು ದಾಟಬಾರದು: ಒಂದು ನಿಯಮ, ಅದನ್ನು ಮುರಿಯುವವರು, ಅವರನ್ನು ತಡೆಯುವ ದಾರಿಗಳು

ಅಮೆರಿಕದ ರಸ್ತೆ ನಿಯಮಗಳಲ್ಲಿ ನಮಗೆ ಹೊಸದಾಗಿ ಕಾಣುವ ಒಂದು ನಿಯಮವಿದೆ. ಹಳದಿ ಸ್ಕೂಲ್ ಬಸ್ಸು ಮಕ್ಕಳನ್ನು ಹತ್ತಿಸಲು ಅಥವಾ ಇಳಿಸಲು ನಿಂತು ಕೆಂಪು ದೀಪ ಮಿನುಗಿಸತೊಡಗಿದರೆ ಹಿಂದಿನಿಂದ ಬರುವ ವಾಹನಗಳು ಮಾತ್ರವಲ್ಲ, ಎದುರಿನಿಂದ ಬರುವ ವಾಹನಗಳೂ ನಿಲ್ಲಬೇಕು. ದೀಪ ಆರಿ ಬಸ್ಸು ಹೊರಡುವವರೆಗೆ ಯಾರೂ ಮುಂದೆ ಹೋಗುವಂತಿಲ್ಲ. 50 ರಾಜ್ಯಗಳಲ್ಲೂ ನಿಂತ ಸ್ಕೂಲ್ ಬಸ್ಸನ್ನು ಹೀಗೆ ದಾಟುವುದು ಅಪರಾಧ. ಆದರೂ ಅಲ್ಲಿ ದಿನವೂ ಸಾವಿರಾರು ಜನ ದಾಟುತ್ತಾರೆ. ಏಕೆ? ಅವರನ್ನು ತಡೆಯಲು ಏನೇನು ಮಾಡಿದ್ದಾರೆ? ಯಾವುದು ಫಲ ಕೊಡುತ್ತದೆ? ಈ ಲೇಖನದಲ್ಲಿ ಇವುಗಳನ್ನು ನನಗೆ ತಿಳಿದ ಮಟ್ಟಿಗೆ ವಿವರಿಸುತ್ತೇನೆ.

ಬಸ್ಸು ಏಕೆ ಹಳದಿ?

1939ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಫ್ರಾಂಕ್ ಸೈರ್ ಎಂಬ ಪ್ರಾಧ್ಯಾಪಕರು ಒಂದು ಸಮ್ಮೇಳನ ಕರೆದರು. ಅಲ್ಲಿಯವರೆಗೆ ಮಕ್ಕಳನ್ನು ಶಾಲೆಗೆ ಒಯ್ಯುವ ಗಾಡಿಗಳಿಗೆ ಒಂದೇ ಬಣ್ಣ, ಒಂದೇ ಅಳತೆ ಎಂಬುದಿರಲಿಲ್ಲ. ಆ ಸಮ್ಮೇಳನ ಬಸ್ಸಿನ ರಚನೆಗೆ ಮಾನದಂಡಗಳನ್ನು ಗೊತ್ತುಮಾಡಿತು. ಅವುಗಳಲ್ಲಿ ಬಣ್ಣವೂ ಒಂದು. ಬೆಳಗಿನ ಮಸುಕು ಬೆಳಕಿನಲ್ಲೂ ಹಳದಿಯ ಮೇಲಿನ ಕಪ್ಪು ಅಕ್ಷರ ಚೆನ್ನಾಗಿ ಕಾಣುತ್ತದೆ ಎಂಬುದು ಆ ಆಯ್ಕೆಗೆ ಕಾರಣ.

ನಂತರ ದೀಪಗಳು ಬಂದವು. ನಿಲ್ಲುವ ಮೊದಲು ಹಳದಿ ದೀಪ ಮಿನುಗಿದರೆ ‘ನಿಧಾನಿಸಿ, ನಿಲ್ಲಲು ಸಿದ್ಧರಾಗಿ’ ಎಂದರ್ಥ. ನಿಂತ ಮೇಲೆ ಕೆಂಪು ದೀಪ. ಅದರ ಜೊತೆಗೆ ಚಾಲಕನ ಬದಿಯಿಂದ ‘ಸ್ಟಾಪ್’ ಎಂದು ಬರೆದ ಎಂಟು ಮೂಲೆಯ ಕೆಂಪು ಫಲಕವೊಂದು ಬಾಗಿಲಿನಂತೆ ಹೊರಗೆ ಚಾಚಿಕೊಳ್ಳುತ್ತದೆ. ಇದಕ್ಕೆ ‘ಸ್ಟಾಪ್ ಆರ್ಮ್’ ಎನ್ನುತ್ತಾರೆ. 1992ರಿಂದ ಹೊಸ ಸ್ಕೂಲ್ ಬಸ್ಸುಗಳಿಗೆಲ್ಲ ಇದನ್ನು ಅಲ್ಲಿನ ಕೇಂದ್ರ ಸರ್ಕಾರ ಕಡ್ಡಾಯ ಮಾಡಿತು. ಅನೇಕ ಬಸ್ಸುಗಳ ಮುಂದಿನ ಬಂಪರ್‌ನಿಂದಲೂ ಒಂದು ಉದ್ದನೆಯ ಕೋಲು ತೆರೆದುಕೊಳ್ಳುತ್ತದೆ. ಅದು ವಾಹನಗಳಿಗಲ್ಲ, ಮಕ್ಕಳಿಗೆ. ಬಸ್ಸಿನ ಮೂತಿಗೆ ಅಂಟಿಕೊಂಡು ನಡೆಯುವ ಪುಟ್ಟ ಮಗು ಚಾಲಕನಿಗೆ ಕಾಣುವುದಿಲ್ಲ. ಆ ಕೋಲು ಮಗುವನ್ನು ಸುಮಾರು ಹತ್ತು ಅಡಿ ಮುಂದಕ್ಕೆ, ಚಾಲಕನ ಕಣ್ಣಿಗೆ ಬೀಳುವಲ್ಲಿಗೆ ತರುತ್ತದೆ.

ಲೆಕ್ಕ ಹೇಳುವುದೇನು?

ಅಮೆರಿಕದ ಸ್ಕೂಲ್ ಬಸ್ ಅಧಿಕಾರಿಗಳ ಸಂಘವೊಂದು ಆಗಾಗ ಒಂದು ದಿನದ ಸಮೀಕ್ಷೆ ನಡೆಸುತ್ತದೆ. ಆ ದಿನ ಚಾಲಕರು ತಮ್ಮ ನಿಂತ ಬಸ್ಸನ್ನು ಎಷ್ಟು ವಾಹನಗಳು ದಾಟಿದವು ಎಂದು ಎಣಿಸಿ ಬರೆದುಕೊಡುತ್ತಾರೆ. 2019ರಲ್ಲಿ 39 ರಾಜ್ಯಗಳ 1,30,963 ಚಾಲಕರು ಎಣಿಸಿದ್ದು 95,319 ವಾಹನಗಳನ್ನು. ಅದು ಒಂದೇ ದಿನದ್ದು. ಶಾಲಾ ವರ್ಷಕ್ಕೆ 180 ದಿನ ಎಂದು ಗುಣಿಸಿದರೆ 1 ಕೋಟಿ 70 ಲಕ್ಷ ದಾಟುತ್ತದೆ.

ನಮ್ಮ ಖಾಲಾ ನ್ಯೂಜೆರ್ಸಿಯಲ್ಲಿದ್ದಾರೆ. ಅಲ್ಲಿ ಬಸ್ಸಿನಿಂದ ಕನಿಷ್ಠ 25 ಅಡಿ ದೂರದಲ್ಲಿ ನಿಲ್ಲಬೇಕು. ಕಳೆದ ರಜೆಯಲ್ಲಿ ವಿಡಿಯೋ ಕಾಲ್‌ನಲ್ಲಿ ಮಾತನಾಡುವಾಗ ಅವರು ಹೇಳಿದರು: “ನನ್ನ ಮಗಳು ಇಳಿಯುವಾಗ ಎಲ್ಲ ಗಾಡಿಗಳೂ ನಿಂತಿರುತ್ತವೆ. ಆದರೂ ನಾನು ಅವಳನ್ನು ನೋಡುವುದಿಲ್ಲ ಬೇಟಾ, ರಸ್ತೆಯನ್ನು ನೋಡುತ್ತೇನೆ. ಒಮ್ಮೆ ಒಂದು ಕಾರು ನಿಂತವರ ಪಕ್ಕದಿಂದಲೇ ನುಗ್ಗಿ ಹೋಯಿತು. ಅವಳು ಇನ್ನೂ ಮೆಟ್ಟಿಲ ಮೇಲಿದ್ದಳು, ಅಷ್ಟೇ.” ಆ ‘ಅಷ್ಟೇ’ ಎಂಬ ಮಾತು ಕೇಳಿದ ಮೇಲೆ ನಾನು ಈ ವಿಷಯವನ್ನು ಓದತೊಡಗಿದೆ.

ಇಂಡಿಯಾನಾದ ಆ ಬೆಳಗು

2018ರ ಅಕ್ಟೋಬರ್ 30. ಇಂಡಿಯಾನಾ ರಾಜ್ಯದ ರೋಚೆಸ್ಟರ್ ಊರಿನ ಹತ್ತಿರ ಇನ್ನೂ ಕತ್ತಲೆ. ಹೆದ್ದಾರಿಯಲ್ಲಿ ಸ್ಕೂಲ್ ಬಸ್ಸು ನಿಂತಿತ್ತು, ಕೆಂಪು ದೀಪ ಮಿನುಗುತ್ತಿತ್ತು, ಸ್ಟಾಪ್ ಆರ್ಮ್ ಚಾಚಿತ್ತು. ಬಸ್ಸು ಹತ್ತಲು ರಸ್ತೆ ದಾಟುತ್ತಿದ್ದ ಮಕ್ಕಳಿಗೆ ಎದುರಿನಿಂದ ಬಂದ ಪಿಕಪ್ ವಾಹನ ಬಡಿಯಿತು. ಆರು ವರ್ಷದ ಅವಳಿ ತಮ್ಮಂದಿರು ಮತ್ತು ಅವರ ಒಂಬತ್ತು ವರ್ಷದ ಅಕ್ಕ ಸತ್ತರು. ಇನ್ನೊಬ್ಬ ಹುಡುಗ ತೀವ್ರವಾಗಿ ಗಾಯಗೊಂಡ. ದೀಪಗಳು ಕಂಡಿದ್ದವು, ಆದರೆ ಅದು ಸ್ಕೂಲ್ ಬಸ್ಸೆಂದು ಹೊಳೆಯಲಿಲ್ಲ ಎಂದು ವಾಹನ ಚಲಾಯಿಸಿದವರು ಪೊಲೀಸರಿಗೆ ಹೇಳಿದರು. ನ್ಯಾಯಾಲಯ ಅವರಿಗೆ ಸೆರೆವಾಸ ವಿಧಿಸಿತು.

ತನಿಖೆ ಮಾಡಿದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಚಾಲಕರ ತಪ್ಪನ್ನು ಎತ್ತಿ ಹೇಳಿದ್ದಲ್ಲದೆ ಇನ್ನೊಂದು ಮಾತನ್ನೂ ಹೇಳಿತು: ವೇಗದ ರಸ್ತೆಯನ್ನು ಮಕ್ಕಳು ದಾಟಲೇಬೇಕಾದಂತಹ ಜಾಗದಲ್ಲಿ ನಿಲ್ದಾಣವಿತ್ತು, ಬಸ್ಸಿನ ಮಾರ್ಗದ ಅಪಾಯವನ್ನು ಸರಿಯಾಗಿ ಪರಿಶೀಲಿಸಿರಲಿಲ್ಲ. ಈ ಎರಡನೇ ಮಾತು ನನಗೆ ಬಹಳ ಮುಖ್ಯವಾಗಿ ಕಂಡಿತು.

ನಮ್ಮ ಭೌತಶಾಸ್ತ್ರ ಇಲ್ಲಿ ಏನು ಹೇಳುತ್ತದೆ?

ಅಂಥ ರಸ್ತೆಗಳಲ್ಲಿ ವೇಗ ಗಂಟೆಗೆ ಸುಮಾರು 88 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 24.5 ಮೀಟರ್. ಕೆಂಪು ದೀಪ ಕಂಡು, ಅರ್ಥವಾಗಿ, ಕಾಲು ಬ್ರೇಕಿನ ಮೇಲೆ ಬರಲು ಒಂದೂವರೆ ಸೆಕೆಂಡ್ ಎಂದಿಟ್ಟುಕೊಳ್ಳಿ. ಅಷ್ಟರಲ್ಲೇ ವಾಹನ 37 ಮೀಟರ್ ಸಾಗಿರುತ್ತದೆ. ಆಮೇಲೆ ಪ್ರಥಮ ಪಿಯುಸಿಯಲ್ಲಿ ಕಲಿತ ಚಲನೆಯ ಸಮೀಕರಣವನ್ನೇ ಬಳಸಿ: ವೇಗದ ವರ್ಗವನ್ನು ವೇಗೋತ್ಕರ್ಷದ ಇಮ್ಮಡಿಯಿಂದ ಭಾಗಿಸಿ. ಒಣ ರಸ್ತೆಯಲ್ಲಿ ಬ್ರೇಕು ಸೆಕೆಂಡಿನ ವರ್ಗಕ್ಕೆ 7 ಮೀಟರಿನಂತೆ ವೇಗ ಇಳಿಸಿದರೆ ಇನ್ನೂ 43 ಮೀಟರ್ ಬೇಕು. ಒಟ್ಟು 80 ಮೀಟರ್. ವೇಗ ಅರ್ಧ ಆದರೆ? ಸುಮಾರು 29 ಮೀಟರ್ ಸಾಕು. ವೇಗ ಅರ್ಧವಾದರೆ ಬ್ರೇಕಿನ ದೂರ ಕಾಲು ಭಾಗಕ್ಕೆ ಇಳಿಯುತ್ತದೆ. ಹಳದಿ ದೀಪ ಮೊದಲೇ ಏಕೆ ಮಿನುಗಬೇಕು ಎಂಬುದಕ್ಕೆ ಉತ್ತರ ಇಲ್ಲಿದೆ.

ತಡೆಯುವ ದಾರಿಗಳು

ದಾಟುವವರೆಲ್ಲ ಒಂದೇ ಬಗೆಯವರಲ್ಲ. ಕೆಲವರಿಗೆ ಅವಸರ. ಕೆಲವರ ಕಣ್ಣು ಮೊಬೈಲಿನಲ್ಲಿ. ಕೆಲವರಿಗೆ ನಿಯಮವೇ ಸ್ಪಷ್ಟವಿಲ್ಲ. ಏಕೆಂದರೆ ನಡುವೆ ವಿಭಜಕ ಇರುವ ರಸ್ತೆಯಲ್ಲಿ ಎದುರು ಬದಿಯವರು ಏನು ಮಾಡಬೇಕೆಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಯಾರ್ಕ್‌ನಲ್ಲಿ ಆಗಲೂ ನಿಲ್ಲಬೇಕು. ಪಕ್ಕದ ನ್ಯೂಜೆರ್ಸಿಯಲ್ಲಿ ಗಂಟೆಗೆ 10 ಮೈಲಿಗೆ ಇಳಿಸಿ ಮುಂದೆ ಹೋಗಬಹುದು. ಹೀಗಾಗಿ ಒಂದೇ ಮದ್ದು ಎಲ್ಲರಿಗೂ ನಾಟುವುದಿಲ್ಲ.

ಮೊದಲನೆಯದು ಕ್ಯಾಮೆರಾ. ಸ್ಟಾಪ್ ಆರ್ಮ್ ಚಾಚಿದಾಗ ಬಸ್ಸನ್ನು ದಾಟುವ ವಾಹನದ ನಂಬರ್ ಪ್ಲೇಟನ್ನು ಅದು ಸೆರೆಹಿಡಿಯುತ್ತದೆ. ದಂಡದ ನೋಟಿಸು ಮಾಲೀಕರ ಮನೆಗೆ ಹೋಗುತ್ತದೆ. ನ್ಯೂಯಾರ್ಕ್ ರಾಜ್ಯ 2019ರಲ್ಲಿ ಇದಕ್ಕೆ ಅನುಮತಿ ಕೊಟ್ಟಿತು. ಮೊದಲ ಬಾರಿಯ ದಂಡ 250 ಡಾಲರ್. ಎಲ್ಲ ನಿಲ್ದಾಣಗಳಲ್ಲೂ ಪೊಲೀಸರನ್ನು ನಿಲ್ಲಿಸಲಾಗದು, ಆದ್ದರಿಂದ ಇದು ಉಪಯುಕ್ತ. ಆದರೆ ಆಕ್ಷೇಪಗಳೂ ಇವೆ: ದಂಡ ಬೀಳುವುದು ಮಾಲೀಕರಿಗೆ, ಓಡಿಸಿದವರು ಬೇರೆ ಇರಬಹುದು. ನೋಟಿಸು ಬರುವುದು ಘಟನೆಯಾದ ಮೇಲೆ. ಆ ಕ್ಷಣದಲ್ಲಿ ಮಗುವನ್ನು ಅದು ಕಾಪಾಡುವುದಿಲ್ಲ.

ಎರಡನೆಯದು ಕಾಣುವಿಕೆ: ಹೆಚ್ಚು ಪ್ರಖರವಾದ ದೀಪ, ಪಕ್ಕದ ಲೇನಿನವರೆಗೂ ಚಾಚುವ ಉದ್ದನೆಯ ಸ್ಟಾಪ್ ಆರ್ಮ್. ಗಮನ ಬೇರೆಡೆ ಇರುವವರಿಗೆ ಇದು ನೆರವಾಗುತ್ತದೆ.

ಮೂರನೆಯದು ಕಲಿಕೆ, ಚಾಲಕರಿಗೂ ಮಕ್ಕಳಿಗೂ. ಬಸ್ ಚಾಲಕರು ಕೈಸನ್ನೆ ಮಾಡಿದ ಮೇಲೆಯೇ ದಾಟಬೇಕು, ಕೈಯಿಂದ ಏನಾದರೂ ಬಿದ್ದರೆ ಬಗ್ಗಿ ಎತ್ತಬಾರದು, ಚಾಲಕರಿಗೆ ಹೇಳಬೇಕು ಎಂದು ಮಕ್ಕಳಿಗೆ ಕಲಿಸುತ್ತಾರೆ.

ನಾಲ್ಕನೆಯದು ಮಾರ್ಗದ ಯೋಜನೆ. ಮನೆ ಇರುವ ಬದಿಯಲ್ಲೇ ಬಸ್ಸು ನಿಂತರೆ ಮಗು ರಸ್ತೆ ದಾಟುವ ಪ್ರಶ್ನೆಯೇ ಇಲ್ಲ. ರೋಚೆಸ್ಟರ್ ಘಟನೆಯ ನಂತರ ಇಂಡಿಯಾನಾ 2019ರಲ್ಲಿ ಕಾನೂನು ತಿದ್ದಿ ಶಿಕ್ಷೆ ಹೆಚ್ಚಿಸಿತು. ಜೊತೆಗೆ ಶಾಲೆಗಳು ಬಸ್ ಮಾರ್ಗಗಳನ್ನು ಪರಿಶೀಲಿಸಬೇಕು, ಸಾಧ್ಯವಾದಲ್ಲೆಲ್ಲ ಮಕ್ಕಳು ಹೆದ್ದಾರಿ ದಾಟುವಂತಹ ನಿಲ್ದಾಣಗಳನ್ನು ಬಿಡಬೇಕು ಎಂದಿತು. ನಾಲ್ಕರಲ್ಲಿ ನನ್ನ ಮತ ಇದಕ್ಕೇ. ಉಳಿದ ಮೂರೂ ಇನ್ನೊಬ್ಬರ ಒಳ್ಳೆಯ ನಡತೆಯನ್ನು ನಂಬಿವೆ. ಇದು ಮಾತ್ರ ನಮ್ಮ ಕೈಯಲ್ಲೇ ಇದೆ, ಖರ್ಚೂ ಕಡಿಮೆ.

ನಮಗೆ ಇದರಿಂದ ಏನು?

ನಮ್ಮ ರಸ್ತೆಗಳಲ್ಲಿ ಬಸ್ಸಿಗಾಗಿ ಎರಡೂ ಬದಿ ನಿಲ್ಲುವ ರೂಢಿ ಇಲ್ಲ. ಇಲ್ಲಿನ ಕೆಲವು ಸ್ಕೂಲ್ ಬಸ್ಸುಗಳಲ್ಲೂ ಪುಟ್ಟ ಸ್ಟಾಪ್ ಫಲಕ ಇರುತ್ತದೆ. ಅದನ್ನು ನೋಡಿ ನಿಂತ ಗಾಡಿಯನ್ನು ನಾನು ಕಂಡಿಲ್ಲ. ಆದ್ದರಿಂದ ಅಮೆರಿಕದ ಮಕ್ಕಳಂತೆ ಬಸ್ಸಿನ ಮುಂದಿನಿಂದ ದಾಟುವುದು ನಮಗೆ ಹೇಳಿದ ಪಾಠವಲ್ಲ. ಬಸ್ಸು ಹೊರಟು, ಎರಡೂ ಕಡೆ ರಸ್ತೆ ಸ್ಪಷ್ಟವಾಗಿ ಕಂಡ ಮೇಲೆಯೇ ದಾಟಬೇಕು.

ನಮ್ಮಲ್ಲಿ ಹಲವರಿಗೆ ಈ ವರ್ಷ 18 ತುಂಬುತ್ತದೆ, ಲೈಸೆನ್ಸ್ ಸಿಗುತ್ತದೆ. ನಿಂತ ಶಾಲಾ ವಾಹನ ಕಂಡರೆ ಅದರ ಮುಂದಿನಿಂದ ಒಂದು ಮಗು ಓಡಿ ಬರುತ್ತದೆ ಎಂದೇ ಎಣಿಸಿ ಬೈಕಿನ ವೇಗ ಇಳಿಸೋಣ. ಹಾರ್ನ್ ಹಾಕಿದರೆ ಬ್ರೇಕಿನ ದೂರ ಕಡಿಮೆಯಾಗುವುದಿಲ್ಲ.

ಕೊನೆಗೆ ಕಾಲೇಜಿನ ಬಸ್ ವ್ಯವಸ್ಥೆ ನೋಡಿಕೊಳ್ಳುವ ಗುರುಗಳಲ್ಲಿ ಒಂದು ವಿನಂತಿ. ಹೊಸ ವರ್ಷದ ಮಾರ್ಗಪಟ್ಟಿ ತಯಾರಿಸುವಾಗ ಪ್ರತಿ ನಿಲ್ದಾಣದ ಎದುರು ‘ಇಲ್ಲಿ ಇಳಿದು ಹೆದ್ದಾರಿ ದಾಟುವವರು ಎಷ್ಟು?’ ಎಂಬ ಒಂದು ಕಲಂ ಸೇರಿಸಿ. ಆ ಸಂಖ್ಯೆಯನ್ನು ಬರೆದುಕೊಡಲು ಪ್ರತಿ ಬಸ್ಸಿನಿಂದ ಇಬ್ಬರು ವಿದ್ಯಾರ್ಥಿಗಳು ಸಾಕು. ನಮ್ಮ ಬಸ್ಸಿನ ಪಟ್ಟಿಯನ್ನು ನಾನೇ ಬರೆದುಕೊಡುತ್ತೇನೆ.