ಜಿಟಿಕೆ

ಜಿಟಿಕೆ ಎಂಬುದು ಗಣಕಯಂತ್ರದ ತೆರೆಯ ಮೇಲೆ ಕಾಣುವ ಕಿಟಕಿ, ಗುಂಡಿ, ಆಯ್ಕೆಪಟ್ಟಿ, ಬರಹದ ಚೌಕ ಮೊದಲಾದ ಅಂಗಗಳನ್ನು ರಚಿಸಲು ತಂತ್ರಾಂಶ ಬರೆಯುವವರು ಬಳಸುವ ಒಂದು ಮುಕ್ತ ಲೈಬ್ರರಿ. ಇದು ಸಿ ಭಾಷೆಯಲ್ಲಿ ಬರೆಯಲ್ಪಟ್ಟಿದೆ. ಲಿನಕ್ಸ್ ಗಣಕಗಳಲ್ಲಿ ಪ್ರಚಲಿತವಾಗಿರುವ ಗ್ನೋಮ್ ಮತ್ತು ಎಕ್ಸ್‌ಎಫ್‌ಸಿಇ ಮೇಜುಪರಿಸರಗಳು, ಚಿತ್ರ ತಿದ್ದುವ ಗಿಂಪ್, ರೇಖಾಚಿತ್ರ ಬರೆಯುವ ಇಂಕ್‌ಸ್ಕೇಪ್ ಮುಂತಾದ ತಂತ್ರಾಂಶಗಳು ಇದರ ಮೇಲೆ ನಿಂತಿವೆ. ವಿಂಡೋಸ್ ಮತ್ತು ಮ್ಯಾಕ್ ವ್ಯವಸ್ಥೆಗಳಲ್ಲಿಯೂ ಇದು ಕೆಲಸ ಮಾಡುತ್ತದೆ. 2019ರ ಫೆಬ್ರವರಿಯವರೆಗೆ ಇದರ ಹೆಸರು ಜಿಟಿಕೆ ಪ್ಲಸ್ ಎಂದಿತ್ತು.

ಗಣಕಶಾಸ್ತ್ರದಲ್ಲಿ ಲೈಬ್ರರಿ ಎಂದರೆ ಪುಸ್ತಕ ಭಂಡಾರವಲ್ಲ. ಒಬ್ಬರು ಬರೆದಿಟ್ಟು ಹಲವರು ಕರೆದು ಬಳಸಿಕೊಳ್ಳುವ ಸಿದ್ಧ ಕ್ರಮವಿಧಿಗಳ ಸಂಗ್ರಹ. ಮನೆ ಕಟ್ಟಿಸುವವರು ಬಾಗಿಲಿನ ಬೀಗವನ್ನು ತಾವೇ ಎರಕ ಹೊಯ್ಯುವುದಿಲ್ಲ. ಹಾಗೆಯೇ ಒಂದು ಲೆಕ್ಕದ ತಂತ್ರಾಂಶವನ್ನು ಬರೆಯುವವರು ಗುಂಡಿಯ ಅಂಚನ್ನು ಎಳೆಯುವುದು, ಮೌಸ್ ಅದರ ಮೇಲೆ ಬಂದಿದೆಯೇ ಎಂದು ನೋಡುವುದು, ಒತ್ತಿದಾಗ ಬಣ್ಣ ಬದಲಿಸುವುದು ಇವೆಲ್ಲವನ್ನೂ ಹೊಸದಾಗಿ ಬರೆಯಬೇಕಾಗಿಲ್ಲ.

ಹುಟ್ಟು

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಆವರಣದಲ್ಲಿ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಚಿತ್ರ ತಿದ್ದುವ ತಂತ್ರಾಂಶವೊಂದನ್ನು ಬರೆಯತೊಡಗಿದರು. ಅದೇ ಗಿಂಪ್. 1996ರಲ್ಲಿ ಸಾರ್ವಜನಿಕರ ಕೈಗೆ ಬಂದ ಅದರ ಮೊದಲ ಆವೃತ್ತಿ ಮೋಟಿಫ್ ಎಂಬ ಲೈಬ್ರರಿಯನ್ನು ಅವಲಂಬಿಸಿತ್ತು. ಗಿಂಪ್ ಎಲ್ಲರಿಗೂ ಮುಕ್ತವಾಗಿದ್ದರೂ ಮೋಟಿಫ್ ಹಣ ಕೊಟ್ಟು ಪಡೆಯಬೇಕಾದ ಸರಕಾಗಿತ್ತು. ಈ ಅಸಂಗತಿಯಿಂದಲೂ ಮೋಟಿಫ್‌ನೊಡನೆ ಕೆಲಸ ಮಾಡುವ ಕಷ್ಟದಿಂದಲೂ ಬೇಸತ್ತ ಮ್ಯಾಟಿಸ್ ತಮ್ಮದೇ ಲೈಬ್ರರಿಯನ್ನು ಬರೆದರು. ಗಿಂಪ್‌ಗಾಗಿ ಹುಟ್ಟಿದ ಉಪಕರಣಗಳ ಪೆಟ್ಟಿಗೆಯಾದ್ದರಿಂದ ಅದಕ್ಕೆ ಗಿಂಪ್ ಟೂಲ್‌ಕಿಟ್, ಸಂಕ್ಷೇಪವಾಗಿ ಜಿಟಿಕೆ ಎಂಬ ಹೆಸರು ಬಂತು. ವಸ್ತುನಿಷ್ಠ ವಿನ್ಯಾಸಕ್ಕೆ ತಕ್ಕಂತೆ ಅದನ್ನು ಪುನಾರಚಿಸಿದಾಗ ಹೆಸರಿನ ಕೊನೆಗೆ ಪ್ಲಸ್ ಚಿಹ್ನೆ ಸೇರಿತು. 1.0 ಆವೃತ್ತಿ 1998ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು.

ಒಂದು ತಂತ್ರಾಂಶದ ಸಾಮಗ್ರಿಯಾಗಿದ್ದ ಜಿಟಿಕೆ ಇಡೀ ಮೇಜುಪರಿಸರದ ಅಡಿಪಾಯವಾದುದಕ್ಕೆ ಕಾರಣ ಪರವಾನಗಿಯ ವಿವಾದ. 1996ರಲ್ಲಿ ಮ್ಯಾಥಿಯಾಸ್ ಎಟ್ರಿಖ್ ಆರಂಭಿಸಿದ ಕೆಡಿಇ ಯೋಜನೆಯು ನಾರ್ವೆಯ ಟ್ರೋಲ್‌ಟೆಕ್ ಸಂಸ್ಥೆಯ ಕ್ಯೂಟಿ ಲೈಬ್ರರಿಯನ್ನು ಬಳಸುತ್ತಿತ್ತು. ಕ್ಯೂಟಿಯ ಮೂಲಪಾಠ ನೋಡಲು ಸಿಗುತ್ತಿತ್ತಾದರೂ ಆಗಿನ ಪರವಾನಗಿಯಲ್ಲಿ ಅದನ್ನು ತಿದ್ದಿ ಹಂಚುವ ಸ್ವಾತಂತ್ರ್ಯವಿರಲಿಲ್ಲ. ಇದನ್ನು ಒಪ್ಪದ ಮಿಗೆಲ್ ದೆ ಇಕಾಝ ಮತ್ತು ಫೆದೆರಿಕೊ ಮೆನಾ 1997ರ ಆಗಸ್ಟ್‌ನಲ್ಲಿ ಗ್ನೋಮ್ ಯೋಜನೆಯನ್ನು ಘೋಷಿಸಿ, ಅದಕ್ಕೆ ಜಿಟಿಕೆಯನ್ನು ಆರಿಸಿಕೊಂಡರು. ಕ್ಯೂಟಿ ಕೂಡ 2000ದಲ್ಲಿ ಜಿಪಿಎಲ್ ಪರವಾನಗಿಯಡಿ ಮುಕ್ತವಾಯಿತು. ವಿವಾದದ ಮೂಲ ಕಾರಣ ಅಲ್ಲಿಗೆ ತೀರಿತಾದರೂ ಎರಡು ಹೊಳೆಗಳು ಮತ್ತೆ ಕೂಡಲಿಲ್ಲ.

ಜಿಟಿಕೆಯ ಪರವಾನಗಿ ಎಲ್‌ಜಿಪಿಎಲ್. ಇದರ ಪ್ರಕಾರ ಲೈಬ್ರರಿಯಲ್ಲಿ ಮಾಡಿದ ತಿದ್ದುಪಡಿಗಳನ್ನು, ಅವನ್ನು ಹಂಚುವಾಗ, ಅದೇ ಪರವಾನಗಿಯಡಿ ಮೂಲಪಾಠ ಸಮೇತ ಕೊಡಬೇಕು. ಆದರೆ ಲೈಬ್ರರಿಯನ್ನು ಹೊರಗಿನಿಂದ ಕರೆದು ಬಳಸುವ ತಂತ್ರಾಂಶವು ತನ್ನ ಮೂಲಪಾಠವನ್ನು ಗುಟ್ಟಾಗಿಟ್ಟುಕೊಳ್ಳಬಹುದು. ವಾಣಿಜ್ಯ ಸಂಸ್ಥೆಗಳಿಗೆ ಜಿಟಿಕೆ ಒಪ್ಪಿಗೆಯಾಗಲು ಇದು ನೆರವಾಯಿತು.

ರಚನೆ

ಜಿಟಿಕೆ ಒಂಟಿಯಲ್ಲ. ಇದರ ಕೆಳಗೆ ಹಲವು ಲೈಬ್ರರಿಗಳು ಮೆಟ್ಟಿಲಿನಂತೆ ಜೋಡಿಸಲ್ಪಟ್ಟಿವೆ. ಜಿಲಿಬ್ ಎಂಬುದು ಪಟ್ಟಿ, ಕೋಷ್ಟಕ, ಕಾಲಮಾಪಕ ಇತ್ಯಾದಿ ಮೂಲಸೌಕರ್ಯವನ್ನು ಒದಗಿಸುತ್ತದೆ. ಅದರೊಡನೆ ಬರುವ ಜಿಆಬ್ಜೆಕ್ಟ್, ಸಿ ಭಾಷೆಯಲ್ಲಿ ಸಹಜವಾಗಿ ಇಲ್ಲದ ವರ್ಗ ಮತ್ತು ಆನುವಂಶಿಕತೆಗಳನ್ನು ಕಟ್ಟಿಕೊಡುತ್ತದೆ. ಕೈರೋ ರೇಖೆ ಮತ್ತು ಬಣ್ಣಗಳನ್ನು ಚಿತ್ರಿಸುತ್ತದೆ. ಪ್ಯಾಂಗೋ ಅಕ್ಷರಗಳನ್ನು ಸಾಲಾಗಿ ಜೋಡಿಸುತ್ತದೆ. ಜಿಡಿಕೆ ಎಂಬ ಪದರವು ವೇಲ್ಯಾಂಡ್, ಎಕ್ಸ್11, ವಿಂಡೋಸ್, ಮ್ಯಾಕ್ ಎಂಬ ಭಿನ್ನ ವ್ಯವಸ್ಥೆಗಳ ವ್ಯತ್ಯಾಸವನ್ನು ಮೇಲಿನವರಿಗೆ ಕಾಣದಂತೆ ಮರೆಮಾಡುತ್ತದೆ. ನಾಲ್ಕನೆಯ ಆವೃತ್ತಿಯಲ್ಲಿ ಸೇರಿದ ಜಿಎಸ್‌ಕೆ, ಚಿತ್ರಿಸುವ ಭಾರವನ್ನು ಗ್ರಾಫಿಕ್ಸ್ ಸಂಸ್ಕಾರಕಕ್ಕೆ ವರ್ಗಾಯಿಸುತ್ತದೆ.

ಬಳಸುವ ಬಗೆ

ಜಿಟಿಕೆ ಬಳಸಿ ಬರೆದ ತಂತ್ರಾಂಶವು ಮೇಲಿನಿಂದ ಕೆಳಕ್ಕೆ ಒಮ್ಮೆ ಓಡಿ ಮುಗಿಯುವಂಥದಲ್ಲ. ಅದು ಕಿಟಕಿಯನ್ನು ತೆರೆದಿಟ್ಟು, ಏನಾದರೂ ನಡೆಯಲಿ ಎಂದು ಕಾಯುತ್ತ ಕುಳಿತಿರುತ್ತದೆ. ಈ ಕಾಯುವಿಕೆಗೆ ಮುಖ್ಯ ಆವರ್ತ ಎಂದು ಹೆಸರಿಡಬಹುದು. ಬಳಕೆದಾರರು ಗುಂಡಿಯನ್ನು ಒತ್ತಿದೊಡನೆ ಆ ಗುಂಡಿಯಿಂದ ಒಂದು ಸಂಕೇತ ಹೊರಡುತ್ತದೆ. ಆ ಸಂಕೇತಕ್ಕೆ ಮೊದಲೇ ಗಂಟುಹಾಕಿದ್ದ ಕ್ರಮವಿಧಿ ಓಡುತ್ತದೆ. ಬಳಿಕ ಮತ್ತೆ ಕಾಯುವಿಕೆ.

ಹೊಸಬರು ಎಡವುವುದು ಇಲ್ಲಿಯೇ. ಗುಂಡಿಗೆ ಕಟ್ಟಿದ ಕ್ರಮವಿಧಿಯು ಹತ್ತು ಸೆಕೆಂಡು ಹಿಡಿಯುವ ದೊಡ್ಡ ಕಡತವನ್ನು ಓದತೊಡಗಿದರೆ, ಆ ಹತ್ತು ಸೆಕೆಂಡು ಮುಖ್ಯ ಆವರ್ತ ನಿಂತೇ ಹೋಗಿರುತ್ತದೆ. ಕಿಟಕಿ ಮರಗಟ್ಟಿದಂತಾಗಿ, ಅದನ್ನು ಮುಚ್ಚಲೂ ಆಗುವುದಿಲ್ಲ. ಇದಕ್ಕೆ ಪರಿಹಾರವೆಂದು ಬೇರೊಂದು ಎಳೆಯಲ್ಲಿ ಕೆಲಸವನ್ನು ನಡೆಸಿ, ಅಲ್ಲಿಂದಲೇ ತೆರೆಯ ಮೇಲಿನ ಬರಹವನ್ನು ಬದಲಿಸಲು ಹೋಗುವವರು ಇನ್ನೊಂದು ಹಳ್ಳಕ್ಕೆ ಬೀಳುತ್ತಾರೆ. ಜಿಟಿಕೆಯ ಅಂಗಗಳನ್ನು ಮುಖ್ಯ ಎಳೆಯಿಂದ ಮಾತ್ರ ಮುಟ್ಟಬೇಕೆಂಬುದು ನಿಯಮ. ಮೀರಿದರೆ ತಂತ್ರಾಂಶವು ಒಮ್ಮೆ ಸರಿಯಾಗಿ ನಡೆದು ಮತ್ತೊಮ್ಮೆ ಕಾರಣ ತಿಳಿಯದಂತೆ ಕುಸಿಯುತ್ತದೆ. ಭಾರದ ಕೆಲಸವನ್ನು ಹಿನ್ನೆಲೆಯ ಎಳೆಯಲ್ಲಿ ಮಾಡಿಸಿ, ಫಲಿತಾಂಶವನ್ನು ಮುಖ್ಯ ಆವರ್ತದ ಸರದಿಯಲ್ಲಿ ಇಡುವುದು ಸರಿಯಾದ ಕ್ರಮ.

ಅಂಗಗಳ ಸ್ಥಾನವನ್ನು ಅಳತೆ ಕೊಟ್ಟು ನಿಗದಿಪಡಿಸುವ ಪದ್ಧತಿಯನ್ನು ಜಿಟಿಕೆ ಪ್ರೋತ್ಸಾಹಿಸುವುದಿಲ್ಲ. ಅವನ್ನು ಪೆಟ್ಟಿಗೆ ಅಥವಾ ಚೌಕಳಿಗಳಲ್ಲಿ ಇರಿಸಿದರೆ, ಒಳಗಿನ ಬರಹದ ಉದ್ದಕ್ಕೆ ತಕ್ಕಂತೆ ಅವು ತಾವೇ ಹಿಗ್ಗುತ್ತವೆ. ಇಂಗ್ಲಿಷಿನ ನಾಲ್ಕಕ್ಷರದ ಪದಕ್ಕೆ ಕನ್ನಡದಲ್ಲಿ ಹನ್ನೆರಡು ಅಕ್ಷರ ಬೇಕಾದಾಗ ಈ ವಿನ್ಯಾಸದ ಬೆಲೆ ತಿಳಿಯುತ್ತದೆ.

ಸಿ ಭಾಷೆ ಬಾರದವರೂ ಜಿಟಿಕೆಯನ್ನು ಬಳಸಬಹುದು. ಪೈಥಾನ್, ಸಿ++, ರಸ್ಟ್, ಜಾವಾಸ್ಕ್ರಿಪ್ಟ್, ವಾಲಾ ಮುಂತಾದ ಭಾಷೆಗಳಿಗೆ ಸೇತುವೆಗಳಿವೆ. ವಿದ್ಯಾರ್ಥಿಗಳಿಗೆ ಪೈಥಾನ್ ದಾರಿ ಸುಲಭ. ಹಳೆಯ ಪುಸ್ತಕಗಳಲ್ಲಿ ಕಾಣುವ ಪೈಜಿಟಿಕೆ ಈಗ ಬಳಕೆಯಲ್ಲಿಲ್ಲ; ಅದರ ಸ್ಥಾನದಲ್ಲಿ ಪೈಜಿಆಬ್ಜೆಕ್ಟ್ ಇದೆ.

ಕನ್ನಡ ಲಿಪಿ ಮತ್ತು ಜಿಟಿಕೆ

2002ರ ಮಾರ್ಚ್‌ನಲ್ಲಿ ಬಂದ 2.0 ಆವೃತ್ತಿ ಭಾರತೀಯ ಭಾಷೆಗಳ ದೃಷ್ಟಿಯಿಂದ ಮಹತ್ವದ್ದು. ಎಲ್ಲ ಬರಹವನ್ನೂ ಯುನಿಕೋಡ್ ಸಂಕೇತದಲ್ಲಿ ಇರಿಸುವ ಕ್ರಮವೂ ಪ್ಯಾಂಗೋ ಲೈಬ್ರರಿಯೂ ಅದರಲ್ಲಿ ಸೇರಿದವು. ಪ್ಯಾಂಗೋ ಎಂಬ ಹೆಸರು ಎಲ್ಲ ಎಂಬರ್ಥದ ಗ್ರೀಕ್ ಪದ ಮತ್ತು ಭಾಷೆ ಎಂಬರ್ಥದ ಜಪಾನಿ ಪದಗಳ ಕೂಡಿಕೆ.

ಇಂಗ್ಲಿಷ್ ಬರಹದಲ್ಲಿ ಒಂದು ಸಂಕೇತಕ್ಕೆ ಸಾಮಾನ್ಯವಾಗಿ ಒಂದೇ ಆಕಾರ. ಕನ್ನಡದಲ್ಲಿ ಹಾಗಲ್ಲ. ‘ಸ್ತ್ರೀ’ ಎಂಬ ಒಂದಕ್ಷರದ ಪದವು ಗಣಕದ ಸ್ಮೃತಿಯಲ್ಲಿ ಸಕಾರ, ವಿರಾಮ, ತಕಾರ, ವಿರಾಮ, ರಕಾರ, ದೀರ್ಘ ಈಕಾರದ ಚಿಹ್ನೆ ಎಂಬ ಆರು ಸಂಕೇತಗಳಾಗಿ ಕುಳಿತಿರುತ್ತದೆ. ಇವುಗಳಲ್ಲಿ ಯಾವುದು ಮೇಲೆ ನಿಲ್ಲಬೇಕು, ಯಾವುದು ಒತ್ತಕ್ಷರವಾಗಿ ಕೆಳಗಿಳಿಯಬೇಕು ಎಂಬುದನ್ನು ಯಾರಾದರೂ ನಿರ್ಧರಿಸಬೇಕು. ‘ಸೂರ್ಯ’ ಎಂಬಲ್ಲಿ ಉಚ್ಚಾರದಲ್ಲಿಯೂ ಸಂಕೇತದಲ್ಲಿಯೂ ಯಕಾರಕ್ಕಿಂತ ಮೊದಲು ಬರುವ ರಕಾರವು ತೆರೆಯ ಮೇಲೆ ಅರ್ಕಾವತ್ತಾಗಿ ಯಕಾರದ ನಂತರ ಕಾಣಬೇಕು. ಈ ಜೋಡಣೆಯನ್ನು ಇಂದು ಪ್ಯಾಂಗೋದ ಒಳಗೆ ಮಾಡುವುದು ಹಾರ್ಫ್‌ಬಝ್ ಎಂಬ ಇನ್ನೊಂದು ಮುಕ್ತ ಲೈಬ್ರರಿ. ಬೆಹ್ದಾದ್ ಇಸ್ಫಹಬೋದ್ ಅವರ ನೇತೃತ್ವದಲ್ಲಿ ಬೆಳೆದ ಇದನ್ನು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳೂ ಬಳಸುತ್ತವೆ. ಆದ್ದರಿಂದ ಅಲ್ಲಿ ತಿದ್ದಿದ ಒಂದು ದೋಷವು ಇವೆಲ್ಲ ಕಡೆ ಕನ್ನಡ ಓದುವವರಿಗೆ ಒಮ್ಮೆಲೇ ಪ್ರಯೋಜನಕ್ಕೆ ಬರುತ್ತದೆ. ಅಲ್ಲಿ ನುಸುಳಿದ ದೋಷದ ವ್ಯಾಪ್ತಿಯೂ ಅಷ್ಟೇ.

ತೆರೆಯ ಮೇಲೆ ಚಿತ್ರ ಬಂದರೆ ಮುಗಿಯಲಿಲ್ಲ. ಬಾಣದ ಕೀಲಿ ಒತ್ತಿದಾಗ ಬರಹದ ಸೂಚಕವು ಒತ್ತಕ್ಷರದ ನಡುವೆ ನಿಲ್ಲದೆ ಇಡೀ ಅಕ್ಷರವನ್ನು ದಾಟಬೇಕು. ಆದರೆ ತಪ್ಪು ತಿದ್ದುವಾಗ ಇಡೀ ‘ಸ್ತ್ರೀ’ ಅಳಿಸಿಹೋಗದೆ, ಕೊನೆಯ ಚಿಹ್ನೆ ಮಾತ್ರ ಅಳಿಯುವುದು ಬರೆಯುವವರಿಗೆ ಅನುಕೂಲ. ಇಂಥ ಸೂಕ್ಷ್ಮಗಳನ್ನು ಪ್ರತಿ ತಂತ್ರಾಂಶವೂ ಬೇರೆಬೇರೆಯಾಗಿ ಬಗೆಹರಿಸಹೊರಟಿದ್ದರೆ ಕನ್ನಡದಲ್ಲಿ ಸಮರ್ಪಕವಾಗಿ ನಡೆಯುವ ತಂತ್ರಾಂಶಗಳನ್ನು ಬೆರಳಲ್ಲಿ ಎಣಿಸಬೇಕಾಗುತ್ತಿತ್ತು.

ಗುಂಡಿ ಮತ್ತು ಪಟ್ಟಿಗಳ ಮೇಲಿನ ಮಾತುಗಳ ಅನುವಾದಕ್ಕೆ ಗೆಟ್‌ಟೆಕ್ಸ್ಟ್ ಎಂಬ ವ್ಯವಸ್ಥೆ ಇದೆ. ಮೂಲ ಇಂಗ್ಲಿಷ್ ವಾಕ್ಯಗಳ ಎದುರಿಗೆ ಸ್ವಯಂಸೇವಕರು ಕನ್ನಡ ವಾಕ್ಯಗಳನ್ನು ತುಂಬುತ್ತಾರೆ. ಗ್ನೋಮ್‌ನ ಕನ್ನಡ ಅನುವಾದದಲ್ಲಿ ‘ಕಡತ’ ಎಂಬ ಪದದ ಪಕ್ಕದ ಆವರಣದಲ್ಲಿ ಒಂದು ರೋಮನ್ ಅಕ್ಷರ ಕಾಣುವುದುಂಟು. ಅದು ಅಚ್ಚಿನ ತಪ್ಪಲ್ಲ. ಕೀಲಿಮಣೆಯಿಂದಲೇ ಆ ಪಟ್ಟಿಯನ್ನು ತೆರೆಯಲು ಒತ್ತಬೇಕಾದ ಅಕ್ಷರ. ಮೂಲ ವಾಕ್ಯದಲ್ಲಿ ಒಂದು ಪದ ಬದಲಾದರೂ ಅದರ ಅನುವಾದವು ಸಂದೇಹಾಸ್ಪದವೆಂದು ಗುರುತಿಸಲ್ಪಟ್ಟು, ಯಾರಾದರೂ ಮತ್ತೆ ನೋಡಿ ಒಪ್ಪುವವರೆಗೆ ಅಲ್ಲಿ ಇಂಗ್ಲಿಷೇ ಕಾಣುತ್ತದೆ. ಕನ್ನಡ ಪರದೆಯ ನಡುವೆ ಅಲ್ಲಲ್ಲಿ ಇಂಗ್ಲಿಷ್ ಇಣುಕುವುದಕ್ಕೆ ಇದೂ ಒಂದು ಕಾರಣ. ಈ ತೊಂದರೆ ಅತಿಯಾಗದಿರಲೆಂದೇ ಗ್ನೋಮ್ ಯೋಜನೆಯಲ್ಲಿ ಪ್ರತಿ ಬಿಡುಗಡೆಗೆ ಕೆಲವು ವಾರ ಮೊದಲು ವಾಕ್ಯಗಳನ್ನು ಬದಲಿಸುವುದನ್ನು ನಿಲ್ಲಿಸುತ್ತಾರೆ.

ಆವೃತ್ತಿಗಳು ಮತ್ತು ವಲಸೆಯ ಕಷ್ಟ

ಮೂರನೆಯ ಆವೃತ್ತಿ 2011ರ ಫೆಬ್ರವರಿಯಲ್ಲಿ, ನಾಲ್ಕನೆಯದು 2020ರ ಡಿಸೆಂಬರ್‌ನಲ್ಲಿ ಪ್ರಕಟವಾದವು. ಒಂದೇ ಮುಖ್ಯ ಆವೃತ್ತಿಯ ಒಳಗೆ ಹಳೆಯ ತಂತ್ರಾಂಶಗಳು ಹೊಸ ಬಿಡುಗಡೆಯೊಡನೆ ಕೆಲಸ ಮಾಡಬೇಕೆಂಬುದು ನಿರ್ವಾಹಕರ ವಚನ. ಕೈಬಿಡಬೇಕಾದ ಕ್ರಮವಿಧಿಯನ್ನು ಕೂಡಲೇ ತೆಗೆಯದೆ, ಅದನ್ನು ಬಳಸಿದವರಿಗೆ ಎಚ್ಚರಿಕೆ ಬರುವಂತೆ ಗುರುತು ಮಾಡಿ, ಮುಂದಿನ ಮುಖ್ಯ ಆವೃತ್ತಿಯಲ್ಲಿ ತೆಗೆಯುತ್ತಾರೆ. ಎರಡು ಮುಖ್ಯ ಆವೃತ್ತಿಗಳು ಒಂದೇ ಗಣಕದಲ್ಲಿ ಅಕ್ಕಪಕ್ಕ ಇರಬಹುದು. ಆದರೆ ಒಂದೇ ತಂತ್ರಾಂಶದ ಒಳಗೆ ಬೆರೆಯಲಾರವು. ಹೀಗಾಗಿ ಕೋಣೆಯೊಂದೊಂದನ್ನೇ ದುರಸ್ತಿ ಮಾಡಿದಂತೆ ಹಂತಹಂತವಾಗಿ ಸಾಗುವ ಅವಕಾಶವಿಲ್ಲ. ದಾಟುವುದಾದರೆ ಇಡೀ ಸಂಸಾರವೇ ದಾಟಬೇಕು.

ಈ ವಲಸೆ ಎಷ್ಟು ದೀರ್ಘವಾಗಬಹುದು ಎಂಬುದಕ್ಕೆ ಗಿಂಪ್‌ಗಿಂತ ದೊಡ್ಡ ನಿದರ್ಶನ ಬೇಕಿಲ್ಲ. ಯಾವ ತಂತ್ರಾಂಶಕ್ಕಾಗಿ ಜಿಟಿಕೆ ಹುಟ್ಟಿತೋ ಅದೇ ತಂತ್ರಾಂಶವು ಮೂರನೆಯ ಜಿಟಿಕೆಗೆ ಬಂದುದು 2025ರ ಮಾರ್ಚ್‌ನಲ್ಲಿ, ಗಿಂಪ್ 3.0 ಮೂಲಕ, ಅಷ್ಟರಲ್ಲಿ ನಾಲ್ಕನೆಯ ಜಿಟಿಕೆ ಬಂದು ನಾಲ್ಕು ವರ್ಷ ಕಳೆದಿತ್ತು. ಇಂಕ್‌ಸ್ಕೇಪ್ 2020ರಲ್ಲಿಯೂ ಎಕ್ಸ್‌ಎಫ್‌ಸಿಇ 2019ರಲ್ಲಿಯೂ ಮೂರನೆಯದಕ್ಕೆ ಬಂದವು. ಸ್ವಯಂಸೇವಕರು ಬಿಡುವಿನ ವೇಳೆಯಲ್ಲಿ ಮಾಡುವ ಈ ಕೆಲಸದಿಂದ ಬಳಕೆದಾರರ ಕಣ್ಣಿಗೆ ಕಾಣುವ ಹೊಸತು ಬಹಳ ಕಡಿಮೆ. ಮೆಚ್ಚುಗೆ ದೊರೆಯದ ದುಡಿಮೆ ಎಂದರೆ ಇದೇ.

ಕೆಲವರು ವಲಸೆಯ ಬದಲು ಮನೆಯನ್ನೇ ಬದಲಿಸಿದರು. ಜಾಲದ ಸಂಚಾರವನ್ನು ಪರಿಶೀಲಿಸುವ ವೈರ್‌ಶಾರ್ಕ್ 2015ರಲ್ಲಿ ಕ್ಯೂಟಿಗೆ ಹೋಯಿತು. ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ, ನೀರಿನಲ್ಲಿ ಮುಳುಗುವವರ ದಿನಚರಿ ಬರೆಯುವ ಸಬ್‌ಸರ್ಫೇಸ್ ಕೂಡ 2013ರಲ್ಲಿ ಅದೇ ಹಾದಿ ಹಿಡಿಯಿತು. ಪೈಜಿಟಿಕೆಯನ್ನು ನಂಬಿದ್ದ ಸಣ್ಣ ತಂತ್ರಾಂಶಗಳ ಪಾಡು ಇನ್ನೂ ಕಷ್ಟದ್ದು. ಪೈಜಿಟಿಕೆ ಎರಡನೆಯ ಜಿಟಿಕೆಗೂ ಎರಡನೆಯ ಪೈಥಾನ್‌ಗೂ ಕಟ್ಟುಬಿದ್ದಿತ್ತು. ಎರಡನೆಯ ಪೈಥಾನ್‌ನ ಬೆಂಬಲ 2020ರ ಜನವರಿಯಲ್ಲಿ ನಿಂತಿತು. ಎರಡನೆಯ ಜಿಟಿಕೆಯ ಕೊನೆಯ ಬಿಡುಗಡೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಆಯಿತು. ಬರೆದವರು ಬೇರೆ ಕೆಲಸಗಳಿಗೆ ಹೋಗಿದ್ದ ಎಷ್ಟೋ ತಂತ್ರಾಂಶಗಳು, ತಮ್ಮಲ್ಲಿ ಯಾವ ದೋಷವಿಲ್ಲದಿದ್ದರೂ, ಹೊಸ ಲಿನಕ್ಸ್ ವಿತರಣೆಗಳಲ್ಲಿ ನಡೆಯದಾದವು.

ಮೂರನೆಯ ಆವೃತ್ತಿಯ ಅವಧಿಯಲ್ಲಿ ಇನ್ನೊಂದು ದೂರು ಕೇಳಿಬಂತು. ಅಂಗಗಳ ರೂಪವನ್ನು ಸಿಎಸ್ಎಸ್ ನಿಯಮಗಳಿಂದ ತಿದ್ದುವ ಸೌಲಭ್ಯ ಅದರಲ್ಲಿ ಬಂದಿತ್ತಾದರೂ ಆ ನಿಯಮಗಳು ಸಣ್ಣ ಬಿಡುಗಡೆಗಳಲ್ಲಿಯೂ ಬದಲಾಗುತ್ತಿದ್ದುದರಿಂದ ಅಲಂಕಾರ ವಿನ್ಯಾಸಗಳು ಪದೇಪದೇ ಕೆಡುತ್ತಿದ್ದವು. 2016ರಲ್ಲಿ ಬಂದ 3.20ರ ಅನಂತರ ಈ ಭಾಗ ಸ್ಥಿರವಾಯಿತು. ಅದೇ ವರ್ಷ ನಿರ್ವಾಹಕರು ಟೊರೊಂಟೊದಲ್ಲಿ ಸೇರಿ, ಇನ್ನು ಮುಂದೆ ಎರಡು ವರ್ಷಕ್ಕೊಂದು ಮುಖ್ಯ ಆವೃತ್ತಿ ತರುವ ಯೋಜನೆಯನ್ನು ಮುಂದಿಟ್ಟರು. ತಂತ್ರಾಂಶ ಬರೆಯುವವರ ಆಕ್ಷೇಪ ತೀವ್ರವಾಗಿತ್ತು. ಸ್ಥಿರವಾದ ಆವೃತ್ತಿಯನ್ನು ದೀರ್ಘಕಾಲ ಕಾಪಾಡುವ ಭರವಸೆಯೊಡನೆ ಯೋಜನೆ ತಿದ್ದುಪಡಿಗೊಂಡಿತು.

ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ಹಳೆಯದನ್ನು ಎಂದೂ ತೆಗೆಯದಿದ್ದರೆ ಲೈಬ್ರರಿ ಸ್ಪರ್ಶತೆರೆ, ಸಾಂದ್ರ ತೆರೆ, ವೇಲ್ಯಾಂಡ್‌ಗಳಿಗೆ ಒಗ್ಗಿಕೊಳ್ಳಲಾರದು; ಅವಸರದಲ್ಲಿ ತೆಗೆದರೆ ಅದನ್ನು ನಂಬಿದವರು ಬೀದಿಗೆ ಬೀಳುತ್ತಾರೆ.

ನಿರ್ವಹಣೆ

ಜಿಟಿಕೆಯ ಅಭಿವೃದ್ಧಿ ಗ್ನೋಮ್ ಯೋಜನೆಯ ಆಶ್ರಯದಲ್ಲಿ ನಡೆಯುತ್ತದೆ. ಲೈಬ್ರರಿಯ ಬಳಕೆ ವ್ಯಾಪಕವಾಗಿದ್ದರೂ ಅದರ ಹೃದಯಭಾಗವನ್ನು ಅರಿತು ದಿನನಿತ್ಯ ದುಡಿಯುವವರು ಸಣ್ಣ ಗುಂಪು. ಅವರಲ್ಲಿ ಮ್ಯಾಥಿಯಾಸ್ ಕ್ಲಾಸೆನ್, ಬೆಂಜಮಿನ್ ಒಟ್ಟೆ, ಇಮಾನುವೆಲೆ ಬಸ್ಸಿ ಪ್ರಮುಖರು. ರೆಡ್ ಹ್ಯಾಟ್ ಸಂಸ್ಥೆಯು ತನ್ನ ನೌಕರರ ಮೂಲಕ ಈ ಕೆಲಸಕ್ಕೆ ಬಹುಕಾಲದಿಂದ ನೆರವಾಗಿದೆ. ಲಿನಕ್ಸ್ ಭಾಗಕ್ಕೆ ದೊರೆತಷ್ಟು ದುಡಿಯುವ ಕೈಗಳು ವಿಂಡೋಸ್ ಮತ್ತು ಮ್ಯಾಕ್ ಭಾಗಗಳಿಗೆ ಎಂದೂ ದೊರೆತಿಲ್ಲ. ಅಲ್ಲಿನ ದೋಷಗಳು ತಡವಾಗಿ ಬಗೆಹರಿಯಲು ಇದೇ ಕಾರಣ.

ನಿರ್ವಾಹಕರ ಸಮಯದಲ್ಲಿ ಹೊಸದನ್ನು ಬರೆಯುವುದಕ್ಕೆ ಸಿಗುವುದು ಒಂದು ಪಾಲು ಮಾತ್ರ. ದೋಷದ ವರದಿಗಳನ್ನು ಓದುವುದು, ಅದೇ ದೋಷ ತಮ್ಮ ಗಣಕದಲ್ಲಿ ಮರುಕಳಿಸುತ್ತದೆಯೇ ಎಂದು ನೋಡುವುದು, ಇತರರು ಕಳುಹಿಸಿದ ತಿದ್ದುಪಡಿಗಳನ್ನು ಸಾಲುಸಾಲಾಗಿ ಪರಿಶೀಲಿಸುವುದು ಉಳಿದ ಪಾಲನ್ನು ನುಂಗುತ್ತದೆ. ‘ಕೆಲಸ ಮಾಡುವುದಿಲ್ಲ’ ಎಂಬಷ್ಟೇ ವರದಿಯಿಂದ ಪ್ರಯೋಜನವಿಲ್ಲ. ಆವೃತ್ತಿ ಯಾವುದು, ಏನು ಮಾಡಿದಾಗ ಹೀಗಾಯಿತು ಎಂಬುದರೊಡನೆ, ದೋಷವನ್ನು ತೋರಿಸುವ ಇಪ್ಪತ್ತು ಮೂವತ್ತು ಸಾಲಿನ ಪುಟ್ಟ ತಂತ್ರಾಂಶವನ್ನು ಲಗತ್ತಿಸಿದರೆ ಅದು ಬೇಗ ಬಗೆಹರಿಯುವ ಸಂಭವ ಹೆಚ್ಚು. ಕನ್ನಡದ ಅಕ್ಷರಜೋಡಣೆಯ ದೋಷವಾದರೆ ತಪ್ಪಾಗಿ ಕಂಡ ಪದ, ಬಳಸಿದ ಅಕ್ಷರಶೈಲಿ, ಸರಿಯಾದ ರೂಪದ ಚಿತ್ರ ಈ ಮೂರನ್ನೂ ಕೊಡಬೇಕು. ಓದಿ ತೀರ್ಮಾನಿಸುವವರಿಗೆ ಕನ್ನಡ ಬಾರದು ಎಂಬುದನ್ನು ಮರೆಯಬಾರದು.

ನಾಲ್ಕನೆಯ ಆವೃತ್ತಿ ಇನ್ನೂ ಬೆಳೆಯುತ್ತಿದೆ. ಸಾಲು ಮತ್ತು ಕೋಷ್ಟಕಗಳನ್ನು ತೋರಿಸಲು ಎರಡನೆಯ ಆವೃತ್ತಿಯಿಂದ ಬಳಕೆಯಲ್ಲಿದ್ದ ಟ್ರೀವ್ಯೂ ಎಂಬ ಅಂಗವನ್ನು 2023ರ 4.10 ಬಿಡುಗಡೆಯಲ್ಲಿ ಕೈಬಿಡಬೇಕಾದವುಗಳ ಪಟ್ಟಿಗೆ ಸೇರಿಸಲಾಯಿತು. 2025ರ 4.18ರಲ್ಲಿ ಎಕ್ಸ್11 ವ್ಯವಸ್ಥೆಯ ಬೆಂಬಲವೂ ಅದೇ ಪಟ್ಟಿಗೆ ಸೇರಿತು. ಐದನೆಯ ಆವೃತ್ತಿಯಲ್ಲಿ ಅದನ್ನು ತೆಗೆಯುವ ಉದ್ದೇಶವಿದೆ.